ಬೇಸಾಯದ ಕೆಲಸದಲ್ಲಿ ಗಾಯ ಮತ್ತು ವಯಸ್ಸು

ಸುಗ್ಗಿಯ ಕಾಲದಲ್ಲಿ ನಮ್ಮ ರೈತ ಕುಟುಂಬಗಳು ಕೆಲಸ ಹಂಚಿಕೊಳ್ಳುವ ರೀತಿ ಸರಳವಾದುದು: ಯಾರಿಗೆ ಬಿಡುವಿದೆಯೋ ಅವರಿಗೆ ಕೆಲಸ. ಗಂಡಸರು ಕೊಯ್ಲಿಗೆ, ಹೆಂಗಸರು ಹೊರೆ ಕಟ್ಟಲು ಹೋದ ಮೇಲೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡಲು ಶಾಲೆಯಿಂದ ಬಂದ ಹುಡುಗ, ರಾತ್ರಿ ಪಂಪ್‌ಸೆಟ್ ಹಾಕಿ ನೀರು ಕಟ್ಟಲು ಮನೆಯ ಹಿರಿಯರು ಉಳಿಯುತ್ತಾರೆ. ಆದರೆ ಈ ಎರಡು ಕೆಲಸಗಳೂ ಈ ವಯಸ್ಸಿನವರಿಗೆ ಹೇಳಿದವಲ್ಲ. ಒಂದೇ ಬಗೆಯ ಪೆಟ್ಟು ಹತ್ತು ವರ್ಷದವನಿಗೂ ಮೂವತ್ತರವನಿಗೂ ಅರವತ್ತೈದರವನಿಗೂ ಬೇರೆ ಬೇರೆ ಪರಿಣಾಮ ಉಂಟುಮಾಡುತ್ತದೆ.

ದೊಡ್ಡವರ ಅಂಗೈ ತೂರದ ಸಂದಿನಲ್ಲಿ ಮಗುವಿನ ಕೈ ಸಲೀಸಾಗಿ ಹೋಗುತ್ತದೆ. ದಂಟು ಸಿಕ್ಕಿಕೊಂಡರೆ ಅನುಭವಸ್ಥರು ಯಂತ್ರ ನಿಲ್ಲಿಸುತ್ತಾರೆ. ಹುಡುಗ ಕೈಯಿಂದಲೇ ತಳ್ಳುತ್ತಾನೆ. ಮಕ್ಕಳ ಮೂಳೆ ಬೇಗ ಕೂಡುತ್ತದೆಂಬ ಮಾತು ನಿಜ. ಆದರೆ ಇದನ್ನೇ ನಂಬಿ ಮನೆಯಲ್ಲಿ ಕಟ್ಟು ಹಾಕಿ ಸುಮ್ಮನಾಗುವುದು ಸರಿಯಲ್ಲ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ, ಪೈರಿಗೆ ಸುಳಿ ಇದ್ದಂತೆ, ಬೆಳವಣಿಗೆಯ ಮೆತ್ತನೆಯ ಪಟ್ಟಿಯೊಂದು ಇರುತ್ತದೆ. ಗಂಡುಮಕ್ಕಳಲ್ಲಿ ಇದು ಸುಮಾರು 16-17 ವರ್ಷಕ್ಕೆ, ಹೆಣ್ಣುಮಕ್ಕಳಲ್ಲಿ ಒಂದೆರಡು ವರ್ಷ ಮೊದಲು ಗಟ್ಟಿಯಾಗುತ್ತದೆ. ಅದಕ್ಕೆ ಮುನ್ನ ಅಲ್ಲಿಗೆ ಪೆಟ್ಟಾದರೆ ಆ ಕೈ ಅಥವಾ ಕಾಲು ಗಿಡ್ಡವಾಗಿ ಇಲ್ಲವೇ ಸೊಟ್ಟಗೆ ಬೆಳೆಯಬಹುದು. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧಿತ ಕೆಲಸಗಳ ಪಟ್ಟಿಗೆ ಟ್ರ್ಯಾಕ್ಟರ್ ಮತ್ತು ಒಕ್ಕಣೆ ಯಂತ್ರದ ಕೆಲಸವನ್ನೂ ಮೇವು ಕತ್ತರಿಸುವುದನ್ನೂ ಸೇರಿಸಿದ್ದು ವಿನಾಕಾರಣವಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವುದು ಪ್ರೀತಿಯಿಂದಲೇ ಇರಬಹುದು. ಜಾರಿ ಬಿದ್ದ ಮಗು ಹಿಂದಿನ ಗಾಲಿಗೇ ಸಿಗುತ್ತದೆ.

ನಡುವಯಸ್ಸಿನವರ ದೇಹ ಪೆಟ್ಟನ್ನು ತಾಳಿಕೊಳ್ಳುತ್ತದೆ. ಆದರೆ ಯಂತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಇವರೇ. ಒಕ್ಕಣೆ ಯಂತ್ರಕ್ಕೆ ತೆನೆ ತಳ್ಳುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಭಾಗಕ್ಕೆ ಮುಚ್ಚಳವಿದ್ದರೆ ಕೈ ಉರುಳೆಯವರೆಗೆ ತಲಪುವುದಿಲ್ಲ. ಮುಚ್ಚಳ ಕಿತ್ತರೆ ಕೆಲಸ ಬೇಗ ಸಾಗುತ್ತದೆಂಬುದು ಬೆರಳಿನ ಬೆಲೆ ತಿಳಿಯದ ಲೆಕ್ಕ.

ಹೆಚ್ಚು ಗಮನ ಕೊಡಬೇಕಾದದ್ದು ಹಿರಿಯರ ಕಡೆಗೆ. ಇವರಿಗೆ ಅಪಾಯ ಯಂತ್ರದಿಂದಲೇ ಬರಬೇಕೆಂದಿಲ್ಲ. ಗಂಜಲದಿಂದ ಜಾರುವ ಕೊಟ್ಟಿಗೆಯ ನೆಲ, ಒದ್ದೆಯಾದ ಬದು, ಬಣವೆಗೆ ಒರಗಿಸಿದ ಏಣಿ, ಕೊರಳು ಕೊಡವುವ ಎತ್ತು ಇಷ್ಟೇ ಸಾಕು. 60 ವರ್ಷದವರ ಕಣ್ಣಿನ ಒಳಪದರಕ್ಕೆ ತಲಪುವ ಬೆಳಕು 20 ವರ್ಷದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಹೀಗಾಗಿ ಮಗನಿಗೆ ಬೆಳದಿಂಗಳಲ್ಲಿ ಕಾಣುವ ಕಾಲುವೆ ತಂದೆಗೆ ಕಾಣುವುದಿಲ್ಲ. ಕಾಲಿನ ಸ್ನಾಯು ಸೊರಗಿರುವುದರಿಂದ ಎಡವಿದಾಗ ಸಾವರಿಸಿಕೊಳ್ಳುವುದೂ ಕಷ್ಟ. ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವರು ನಿದ್ದೆಯಿಂದ ತಟ್ಟನೆ ಎದ್ದು ಹೊರಟರೆ ತಲೆಸುತ್ತಿ ಬೀಳುವ ಸಂಭವವಿದೆ.

ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯ ಸಾಂದ್ರತೆ ಬೇಗ ಕುಗ್ಗುತ್ತದೆ. ಗಂಡಸರಲ್ಲಿ ನಿಧಾನವಾಗಿ ಕುಗ್ಗುತ್ತದೆ. ನಿಂತಲ್ಲೇ ಜಾರಿ ಬಿದ್ದರೂ ತೊಡೆಮೂಳೆಯ ಕತ್ತು ಮುರಿಯಬಹುದು. ಬಿದ್ದವರಿಗೆ ಏಳಲಾಗದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಇದೇ ಮುರಿತವೆಂದು ಶಂಕಿಸಬೇಕು. ಇದಕ್ಕೆ ನಾಟಿ ಕಟ್ಟು ಪ್ರಯೋಜನವಿಲ್ಲ. ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಬೇಗ ಎದ್ದು ಕೂರುವಂತೆ ಮಾಡಬೇಕು. ಏಕೆಂದರೆ ಹಿರಿಯರಿಗೆ ಮುರಿತಕ್ಕಿಂತ ಹಾಸಿಗೆಯೇ ಹೆಚ್ಚು ಅಪಾಯಕಾರಿ: ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೊಂದು ಬರುತ್ತವೆ. ಈ ಮುರಿತವಾದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ.

ತಲೆಗೆ ಬಿದ್ದ ಪೆಟ್ಟನ್ನೂ ಹಗುರವಾಗಿ ಕಾಣಬಾರದು. ವಯಸ್ಸಾದವರಲ್ಲಿ ಮಿದುಳಿನ ಮೇಲೆ ರಕ್ತ ನಿಧಾನವಾಗಿ ಜಿನುಗಿ, ಎರಡು ಮೂರು ವಾರಗಳ ನಂತರ ತಲೆನೋವು, ಮರೆವು, ಕಾಲೆಳೆತ ಕಾಣಿಸಿಕೊಳ್ಳಬಹುದು. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು.

ಕೊಟ್ಟಿಗೆಯ ನೆಲವನ್ನು ಒರಟು ಕಲ್ಲಿನಿಂದ ಹಾಸಿ ಗಂಜಲ ಹರಿಯಲು ಇಳಿಜಾರು ಕೊಡುವುದು, ಪಂಪ್‌ಸೆಟ್ಟಿನ ದಾರಿಗೆ ದೀಪ ಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ. ಏಣಿ ಹತ್ತುವುದನ್ನೂ ರಾತ್ರಿ ನೀರು ಕಟ್ಟುವುದನ್ನೂ ಮನೆಯ ಯುವಕರೇ ವಹಿಸಿಕೊಳ್ಳಬೇಕು. ಬೀಜ ಆರಿಸುವುದು, ಕಣದ ಉಸ್ತುವಾರಿ, ಕೂಲಿಯ ಲೆಕ್ಕ ಹಿರಿಯರಿಗಿರಲಿ. ಅವರ ಅನುಭವಕ್ಕೆ ಅಲ್ಲಿ ಬೆಲೆ ಹೆಚ್ಚು. ಊಟದಲ್ಲಿ ರಾಗಿ ಬಿಡಬಾರದು. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

ಧನುರ್ವಾಯುವಿನ ರೋಗಾಣು ಮಣ್ಣು ಮತ್ತು ಸಗಣಿಯಲ್ಲಿರುತ್ತದೆ. ಮಕ್ಕಳಿಗೆ 10 ಮತ್ತು 16ನೇ ವರ್ಷದಲ್ಲಿ, ಗರ್ಭಿಣಿಯರಿಗೆ ತಪಾಸಣೆಯ ಸಮಯದಲ್ಲಿ ಚುಚ್ಚುಮದ್ದು ಸಿಗುತ್ತದೆ. ಬಿಟ್ಟುಹೋಗುವವರು ಹೆಚ್ಚಾಗಿ ಮನೆಯ ಮುದುಕರೇ. ಹಿಂದೆ ಪೂರ್ತಿ ಹಾಕಿಸಿಕೊಂಡವರು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕು. ಎಂದೂ ಹಾಕಿಸಿಕೊಳ್ಳದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಮೊದಲಿನಿಂದ ಆರಂಭಿಸಬೇಕು. ಹಾಕಿಸಿದ ದಿನಾಂಕವನ್ನು ಬರೆದಿಟ್ಟುಕೊಂಡರೆ ಗಾಯವಾದ ದಿನ ವೈದ್ಯರಿಗೆ ತೋರಿಸಲು ಅನುಕೂಲ.