ಕೈ ಎತ್ತುವ ಮೊದಲು ಹಳ್ಳ ನೋಡು

ತಮ್ಮಾ,

ಮೊನ್ನೆ ಸಂತೆಯಿಂದ ಬಂದು ಪಡಸಾಲೆಯಲ್ಲಿ ಕೂತು ನೀನು ಕೇಳಿದ ಪ್ರಶ್ನೆಗೆ ನಾನು ನಕ್ಕು ಸುಮ್ಮನಾದೆ. "ಕಾಕಾ, ರೋಡ್ ಸೈಡಿನ ನಾಕ ಎಕರೆ ಹೊಲ ಪ್ಲಾಟ್ ಮಾಡ್ತಾರಂತ. ಸಭಾದಾಗ ನಾ ಕೈ ಎತ್ತಿದ್ರ ಆತು ಅಂತಾರ. ಎತ್ಲ್ಯೋ ಬ್ಯಾಡೋ?" ನಕ್ಕದ್ದು ನಿನ್ನ ಮೇಲೆ ಅಲ್ಲ. ನಿನ್ನ ಕೈಗೆ ಅಷ್ಟು ಬಲ ಇದೆಯೆಂದು ನಿನ್ನನ್ನು ನಂಬಿಸಿದವರ ಜಾಣತನಕ್ಕೆ.

ಮೊದಲು ಆ ಭ್ರಮೆ ಕಳಚು. ಹೊಲವನ್ನು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ, ಮಾಡುವ ಅಧಿಕಾರ ನಿನ್ನಂಥ ಪುರಸಭೆಯ ಮೆಂಬರನಿಗೆ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನ ಪ್ರಕಾರ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ಮಹಾಯೋಜನೆ ಜಾರಿಯಲ್ಲಿರುವ ಊರಾದರೆ ನಕಾಶೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ ಹಚ್ಚಿದ್ದಾರೆ ಎಂಬುದು ಎದುರಿಗೆ ಬರುತ್ತದೆ. ಹಳದಿ ಎಂದರೆ ವಸತಿ, ಹಸಿರು ಎಂದರೆ ಉದ್ಯಾನ ಇಲ್ಲವೆ ಕೃಷಿ. ಆ ಬಣ್ಣವನ್ನೇ ಬದಲಿಸಬೇಕೆಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು. ಅದನ್ನು ಮಾಡಬೇಕಾದದ್ದು ಯೋಜನಾ ಪ್ರಾಧಿಕಾರ, ಅದೂ ಸರ್ಕಾರದ ಪೂರ್ವಾನುಮತಿ ಪಡೆದು. ಪ್ಲಾಟುಗಳ ವಿನ್ಯಾಸಕ್ಕೆ ಮಂಜೂರಾತಿ ಮತ್ತೊಂದು ಬಾಗಿಲು. ಇಷ್ಟು ಬಾಗಿಲು ದಾಟಿದ ಮೇಲೆ ರಸ್ತೆ, ಗಟಾರು, ದೀಪ, ನಲ್ಲಿ ಎಲ್ಲ ಬಂದು ಬೀಳುವುದು ಪುರಸಭೆಯ ತಲೆಯ ಮೇಲೆ. ಮದುವೆ ಗೊತ್ತು ಮಾಡುವವರು ಬೇರೆ, ಸಂಸಾರ ಮಾಡುವವರು ನೀವು.

ಹಾಗಾದರೆ ನಿನಗೆ ಕೆಲಸವೇ ಇಲ್ಲವೆ? ಇದೆ. ಅದು ಕೈ ಎತ್ತುವುದಕ್ಕಿಂತ ಕಷ್ಟದ್ದು.

14-ಎ ಕಲಮನ್ನು ಒಮ್ಮೆ ನೀನೇ ಓದು, ಎರಡು ಮಾತು ಕಣ್ಣಿಗೆ ಬೀಳುತ್ತವೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು. ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 15 ದಿನಕ್ಕೆ ಕಡಿಮೆಯಿಲ್ಲದಂತೆ ಸಮಯ ಕೊಡಬೇಕು. ಈ 15 ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಕಟಣೆ ಬರುವುದು ಶ್ರದ್ಧಾಂಜಲಿಯ ಪಕ್ಕದಲ್ಲಿ, ಇರುವೆಯಂಥ ಅಕ್ಷರದಲ್ಲಿ. ಪಕ್ಕದ ಹೊಲದವನಿಗೆ ಗೊತ್ತಾಗುವುದು ಜೆಸಿಬಿ ಬಂದ ದಿನ. ಆ ಪ್ರಕಟಣೆಯನ್ನು ಓದಿ, ಹೋಗಿ ಪಕ್ಕದ ಹೊಲದವನ ಕಟ್ಟೆಯ ಮೇಲೆ ಕೂತು ಹೇಳುವುದು ನಿನ್ನ ಕೆಲಸ. ಆತನಿಗೆ ಬರೆಯಲು ಬಾರದಿದ್ದರೆ ಬರೆದುಕೊಡು. ಸಹಿ ಆತನದೇ ಇರಲಿ.

ಒಂದು ಸಹಿಯಿಂದ ಏನಾಗುತ್ತದೆ ಎನ್ನಬೇಡ. ಬೆಂಗಳೂರಿನ ಸದಾಶಿವನಗರದಲ್ಲಿ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡುವ ತೀರ್ಮಾನವಾಗಿತ್ತು. ತೀರ್ಮಾನ ಮುಖ್ಯಮಂತ್ರಿಗಳ ಮಟ್ಟದಿಂದಲೇ ಬಂದದ್ದು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಗೆಲುವನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೆ ಎಂಬ ವಾದ ಅಲ್ಲಿ ನಡೆಯಲಿಲ್ಲ. ಉದ್ಯಾನ ಎಲ್ಲರದು, ಖಾಸಗಿ ಆಸ್ಪತ್ರೆ ಹಾಗಲ್ಲ. ಅಲ್ಲಿ ಬದುಕುವವರಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಕೋರ್ಟ್ ಹೇಳಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಆ ತೀರ್ಪಿನ ಹೆಸರು ನೆನಪಿಡು. ಎಂದಾದರೂ ಸಭೆಯಲ್ಲಿ ಎದ್ದುನಿಂತಾಗ ಬೇಕಾದೀತು.

ಈಗ ನನ್ನ ಕಥೆ. ಯಾರಿಗೂ ಹೇಳಿಲ್ಲ, ನಿನ್ನಪ್ಪನಿಗೂ.

ನಾನು ಹೊಲ ಅಳೆಯುವ ಮೋಜಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಕಲಿಸಿದ ಮೊದಲ ಪಾಠ ಚೈನಿನದು. ಚೈನು 33 ಅಡಿ, ಅದಕ್ಕೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಅಳೆದರೆ ಒಂದು ಗುಂಟೆ, 1089 ಚದರ ಅಡಿ. 40 ಗುಂಟೆಗೆ ಎಕರೆ. ಎರಡನೆಯ ಪಾಠ ಖರಾಬಿನದು. 'ಅ' ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ, ಆದರೆ ಹೊಲದವನದೇ. 'ಬ' ಖರಾಬು ಎಂದರೆ ಹಳ್ಳ, ದಾರಿ, ಬಂಡಿಜಾಡು, ಸ್ಮಶಾನ. ಅದು ಸರ್ವೆ ನಂಬರಿನ ಒಳಗಿದ್ದರೂ ಊರಿನದು, ಅದಕ್ಕೆ ಕಂದಾಯದ ಆಕಾರವಿಲ್ಲ, ಅದನ್ನು ಮಾರುವಂತಿಲ್ಲ.

ಒಂದು ಊರಿನ ಅಂಚಿನ ಹೊಲ ಅಳೆಯಲು ಏಪ್ರಿಲ್ ತಿಂಗಳಲ್ಲಿ ಹೋದೆ. ಬಿಸಿಲು ಹೇಗಿತ್ತೆಂದರೆ ಚೈನು ಹಿಡಿದರೆ ಕೈ ಸುಡುತ್ತಿತ್ತು. ಹಳೆಯ ಮೋಜಣಿ ಟಿಪ್ಪಣಿಯಲ್ಲಿ ಹೊಲದ ಮೂಲೆಗೆ ಒಂದು ಹಳ್ಳದ ಗೆರೆ ಇತ್ತು. ನೆಲದ ಮೇಲೆ ನೋಡಿದರೆ ಹಳ್ಳವೇ ಇಲ್ಲ, ಜಾಲಿಕಂಟಿ, ಒಂದಿಷ್ಟು ಉಸುಕು, ಅಷ್ಟೇ. ಹೊಲದವನು ಮಜ್ಜಿಗೆ ಕೊಟ್ಟು, "ಅದು ಎಂದೋ ಬತ್ತೇತಿ ಸಾಹೇಬ್ರ" ಎಂದ. ನಾನು ಕಂಟಿ ಸರಿಸಿ ಆಚೆ ನಡೆದು ನೋಡಲಿಲ್ಲ. ವರದಿಯಲ್ಲಿ ಹಳ್ಳ ಹರಿಯುತ್ತಿಲ್ಲ ಎಂದು ಬರೆದೆ. ಏಪ್ರಿಲ್‌ನಲ್ಲಿ ಯಾವ ಹಳ್ಳ ಹರಿಯುತ್ತದೆ? ಪ್ಲಾಟ್ ಆದವು, ಮನೆ ಎದ್ದವು. ಎರಡು ಮಳೆಗಾಲ ಸುಮ್ಮನಿತ್ತು. ಮೂರನೆಯದರಲ್ಲಿ ಹಳ್ಳ ತನ್ನ ದಾರಿ ಹುಡುಕಿಕೊಂಡು ಬಂತು. ಒಬ್ಬ ಮುದುಕಿಯ ಒಲೆ, ಜೋಳದ ಚೀಲ, ಮೊಮ್ಮಗಳ ಶಾಲೆಯ ಪಾಟಿ, ಎಲ್ಲ ಎದೆಮಟ್ಟದ ನೀರಿನಲ್ಲಿ. ಜೀವ ಹೋಗಲಿಲ್ಲ, ಅದೊಂದು ಪುಣ್ಯ. ಯಾರೂ ನನ್ನ ಹೆಸರು ಎತ್ತಲಿಲ್ಲ. ಕಡತದಲ್ಲಿ ನನ್ನ ಸಹಿ ಮಾತ್ರ ಇನ್ನೂ ಇದೆ.

ನೀರು ತನ್ನ ದಾರಿ ಮರೆಯುವುದಿಲ್ಲ ಎಂಬುದನ್ನು ನಮ್ಮೂರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದದಲ್ಲಿ ಮುನವಳ್ಳಿ, ಬಾಯಿಯಲ್ಲಿ ಮನೋಳಿ, ಆದರೆ ಹೊಳೆಗೆ ಎರಡೂ ಒಂದೇ. ಮೇಲೆ ನವಿಲುತೀರ್ಥದಲ್ಲಿ 37.73 ಟಿಎಂಸಿ ನೀರು ಹಿಡಿಯುವ ಆಣೆಕಟ್ಟು, ಕೆಳಗೆ ನಾವು. 2019ರ ಆಗಸ್ಟ್‌ನಲ್ಲಿ ಆಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಮಲಪ್ರಭೆ ಎಲ್ಲಿಯವರೆಗೆ ಬಂದಿದ್ದಳು ಎಂಬುದನ್ನು ನೀನೂ ನೋಡಿದ್ದೀ. ಆ ಗುರುತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಕಾಶೆ ನೋಡು. ಅದರ ಕೆಳಗಿನ ಜಾಗಕ್ಕೆ ಯಾರೇ ಅರ್ಜಿ ಹಾಕಲಿ, ಬಾಯಿ ಬಿಟ್ಟು ಮಾತಾಡು.

ಪ್ಲಾಟ್ ಮಾಡುವವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಮಗಳ ಮದುವೆಗೆ, ಮಗನ ಕಾಲೇಜಿನ ಫೀಜಿಗೆ ಎಕರೆ ಮಾರುವವನು ಸಂತೋಷದಿಂದ ಮಾರುವುದಿಲ್ಲ. ಊರು ಬೆಳೆಯುತ್ತದೆ, ಮನೆ ಬೇಕು. ಎಲ್ಲಿ ಎಂಬುದಷ್ಟೇ ನನ್ನ ತಕರಾರು. ಕಾಲುವೆಯ ನೀರು ಉಣ್ಣುವ ಕಪ್ಪು ಎರಿ ಹೊಲದ ಮೇಲೆ ಮನೆ ಕಟ್ಟಿದರೆ ಬೆಳೆಯೂ ಹೋಯಿತು, ಮನೆಯೂ ನೆಟ್ಟಗಿರುವುದಿಲ್ಲ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಗೋಡೆ ಜೊತೆಗೆ ಬಿರಿಯುತ್ತದೆ. ಗಟ್ಟಿ ನೆಲದ ಮಡ್ಡಿ ಇದ್ದಾಗ ಎರಿಗೆ ಯಾಕೆ ಕೈ ಹಾಕಬೇಕು ಎಂದು ಕೇಳು. ರೋಡ್ ಹತ್ತಿರ ಇದೆ ಎಂಬುದು ಒಂದೇ ಉತ್ತರವಾಗಿದ್ದರೆ ಅದು ಮಾರುವವನ ಹಿತ.

ಹಳ್ಳ, ಉದ್ಯಾನದ ಜಾಗ ಯಾಕೆ ಮಾಯವಾಗುತ್ತವೆ ಎಂಬ ಲೆಕ್ಕವೂ ತಿಳಿದಿರಲಿ. ನಾಲ್ಕು ಎಕರೆ ಎಂದರೆ 160 ಗುಂಟೆ. ಅದರಲ್ಲಿ ರಸ್ತೆ ತೆಗೆ, ಉದ್ಯಾನ ತೆಗೆ, ನಾಗರಿಕ ಸೌಲಭ್ಯದ ಜಾಗ ತೆಗೆ. ಮಾರಲು ಅರ್ಧಕ್ಕಿಂತ ತುಸು ಹೆಚ್ಚು ಉಳಿದರೆ ಅದೇ ದೊಡ್ಡದು. ಆಸೆ ಇದ್ದವನ ಕಣ್ಣು ಆಗ 'ಬ' ಖರಾಬಿನ ಮೇಲೆ ಬೀಳುತ್ತದೆ. ಇನ್ನು ಕೆಲವರು ಈ ಯಾವ ಬಾಗಿಲನ್ನೂ ಬಡಿಯದೆ, ಬಾಂಡ್ ಕಾಗದದ ಮೇಲೆ ಗುಂಟೆಗುಂಟೆ ಮಾರಿ ಕೈತೊಳೆದುಕೊಳ್ಳುತ್ತಾರೆ. ಕೊಂಡ ಬಡವ ಮಾತ್ರ ಹತ್ತು ವರ್ಷ ಖಾತಾಕ್ಕಾಗಿ ನಿನ್ನ ಬಾಗಿಲಿಗೆ ಬರುತ್ತಾನೆ. ಬಿ ಖಾತಾ ಎಂದರೆ ತೆರಿಗೆ ಕಟ್ಟಲು ಒಂದು ಲೆಕ್ಕ, ಅದರಿಂದ ಅಕ್ರಮ ಸಕ್ರಮವಾಗುವುದಿಲ್ಲ. ಇದನ್ನು ಜನ ಕೊಳ್ಳುವ ಮೊದಲು ಹೇಳು. ಕೊಂಡ ಮೇಲೆ ಹೇಳಿದರೆ ಬೈಸಿಕೊಳ್ಳುತ್ತೀ, ಬೈಸಿಕೊಳ್ಳಬೇಕಾದದ್ದೇ.

ಸಭೆಯ ಬಗ್ಗೆ ಎರಡು ಮಾತು. ನಮ್ಮ ಮನೆತನದ ಹೊಲ, ನಿನ್ನ ಹೆಂಡತಿಯ ತವರಿನವರ ಹೊಲ, ನಿನ್ನ ಪಾಲುದಾರನ ಹೊಲ ಚರ್ಚೆಗೆ ಬಂದರೆ ಎದ್ದು ಹೊರಗೆ ಬಾ. ಯಾರೂ ಕೇಳದಿದ್ದರೂ ಬಾ. ಬಂದದ್ದನ್ನು ಠರಾವು ಪುಸ್ತಕದಲ್ಲಿ ಬರೆಸು. ಒಪ್ಪದಿದ್ದರೆ "ಮೆಂಬರ್ ವಿರೋಧಿಸಿದರು" ಎಂದಷ್ಟೇ ಬರೆಸಬೇಡ, ಯಾಕೆ ವಿರೋಧಿಸಿದೆ ಎಂದು ಬರೆಸು: ಹಳ್ಳವಿದೆ, ನೀರಿನ ಪೈಪು ಸಾಲದು, ದಾರಿ ಇಕ್ಕಟ್ಟು. ಮುಂದೆ ಕೋರ್ಟಿಗೆ ಹೋಗುವವನಿಗೆ ಆಸರೆಯಾಗುವುದು ಆ ಎರಡು ಸಾಲು. ಒಪ್ಪಿದರೂ ಕಾರಣ ಬರೆಸು. ಗಟಾರು, ರಸ್ತೆ ಮುಗಿಯುವ ಮೊದಲೇ ಬಡಾವಣೆಯನ್ನು ಪುರಸಭೆಗೆ ಒಪ್ಪಿಸಿಕೊಳ್ಳಿ ಎಂದು ಬಂದವನ ಚಹಾ ಕುಡಿ, ಕಾಗದಕ್ಕೆ ಮಾತ್ರ ಕೈ ಹಾಕಬೇಡ.

ಆ ನಾಲ್ಕು ಎಕರೆ ಎರಿಯೋ ಮಡ್ಡಿಯೋ, ಅದರಲ್ಲಿ 'ಬ' ಖರಾಬು ಎಷ್ಟಿದೆ ಎಂದು ನನಗೆ ಇಲ್ಲಿ ಕೂತು ಹೇಳಲಾಗದು. ಪಹಣಿ, ಆಕಾರಬಂದ್, ಹಳೆಯ ಟಿಪ್ಪಣಿ ಮೂರರ ನಕಲು ತೆಗೆಸಿಕೊಂಡು ಬಾ. ಸಭೆ ಶ್ರಾವಣದಾಚೆಗೆ ಇದ್ದರೆ ಒಳ್ಳೆಯದೇ ಆಯಿತು. ಮಳೆ ಬಿದ್ದ ಮರುದಿನ ಬೆಳಿಗ್ಗೆ ಗಾಡಿ ತಗೊಂಡು ಬಾ, ಕೊಡೆ ನನ್ನ ಹತ್ತಿರ ಇದೆ. ಈ ಸಲ ಕಂಟಿ ಸರಿಸಿ ಆಚೆಯವರೆಗೆ ನಡೆಯೋಣ.