ಆಕರವನ್ನು ಓದುವ ಬಗೆ

ಜಾಗತಿಕ ಸಮಸ್ಯೆಗಳ ಬಗೆಗೆ ನಾಲ್ಕಾರು ಆಕರಗಳನ್ನು ಮುಂದಿಟ್ಟು, ಅವುಗಳ ಆಧಾರದಿಂದಲೇ ಉತ್ತರ ಬರೆಯಿರೆಂದು ಕೇಳುವ ಪರೀಕ್ಷೆಗೆ ಬಾಯಿಪಾಠ ನೆರವಾಗದು. ದೂರದೇಶದ ಸುದ್ದಿಗಳನ್ನು ಗುಡ್ಡೆ ಹಾಕುವುದೇ ಇದಕ್ಕೆ ಸಿದ್ಧತೆಯೆಂದು ಹಲವು ಮಿತ್ರರು ತಿಳಿದಿದ್ದಾರೆ. ನಾನಾದರೋ ಅಭ್ಯಾಸಕ್ಕೆ ಅಡಿಕೆಯನ್ನೇ ಆರಿಸಿಕೊಂಡೆ. ಪುತ್ತೂರು, ಸುಳ್ಯ, ಕಡಬಗಳಿಂದ ಬರುವ ನಮ್ಮಲ್ಲಿ ಅನೇಕರ ಕಾಲೇಜು ಶುಲ್ಕ ಅಂಗಳದಲ್ಲಿ ಒಣಗುವ ಈ ಬೆಳೆಯಿಂದಲೇ ಹುಟ್ಟುತ್ತದೆ. ಆದುದರಿಂದ ಪಕ್ಷಪಾತವಿಲ್ಲದೆ ಓದುವುದು ಇಲ್ಲಿಯೇ ಹೆಚ್ಚು ಕಠಿನ.

ಮೊದಲಿನ ಎರಡು ಆಕರಗಳೂ ಒಂದೇ ಸಂಸ್ಥೆಯವು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1985ರಲ್ಲಿ, ಹೊಗೆಸೊಪ್ಪು ಸೇರಿದ ವೀಳ್ಯ ಕ್ಯಾನ್ಸರ್‌ಕಾರಕವೆಂದಿತು; ಹೊಗೆಸೊಪ್ಪಿಲ್ಲದ ವೀಳ್ಯದ ವಿಷಯದಲ್ಲಿ ಆಧಾರ ಸಾಲದೆಂದಿತು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಮೊದಲನೆಯ ವರ್ಗಕ್ಕೆ ಸೇರಿಸಿತು. ಹಿಂದಿನದನ್ನು ಮಾತ್ರ ಉದ್ಧರಿಸಿ ಅಡಿಕೆ ನಿರಪಾಯವೆಂದು ಬರೆಯುವವನು ಎರಡು ಕಡೆ ಎಡವುತ್ತಾನೆ: ಹಳೆಯ ಆಕರವನ್ನು ಕೊನೆಯ ಮಾತೆಂದು ಎಣಿಸಿದ್ದು ಒಂದು, ಆಧಾರ ಸಾಲದೆಂಬುದನ್ನು ಅಪಾಯವಿಲ್ಲವೆಂದು ಓದಿದ್ದು ಇನ್ನೊಂದು. ಎದುರು ಪಕ್ಷದವನೂ ಕಡಿಮೆಯೇನಲ್ಲ. ಮೊದಲನೆಯ ವರ್ಗವೆಂಬುದು ಆಧಾರದ ಬಲವನ್ನು ಹೇಳುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಅದೇ ವರ್ಗದಲ್ಲಿ ಹೊಗೆಸೊಪ್ಪೂ ಇದೆ, ಸೂರ್ಯನ ಬಿಸಿಲೂ ಇದೆ! ಇವೆಲ್ಲ ಸಮಾನ ಅಪಾಯಕರವೆಂದು ಆ ಪಟ್ಟಿ ಹೇಳುವುದಿಲ್ಲ. ಅಂಕ ತರುವುದೂ ಕಳೆಯುವುದೂ ಬಹುಮಟ್ಟಿಗೆ ಈ ಒಂದು ಭೇದವೇ ಎಂದು ನನ್ನ ಎಣಿಕೆ.

ಮೂರನೆಯದು ವ್ಯಾಪಾರಕ್ಕೆ ಸಂಬಂಧಿಸಿದ್ದು. ಕೇಂದ್ರ ಸರಕಾರದ ಫೆಬ್ರವರಿ 2023ರ ಅಧಿಸೂಚನೆಯು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಇದನ್ನು ರೈತನಿಗೆ ಕೊಡುವ ಬೆಂಬಲ ಬೆಲೆಯೆಂದು ಭ್ರಮಿಸುವವರಿದ್ದಾರೆ. ಅದಕ್ಕಿಂತ ಅಗ್ಗದ ಸರಕು ಹೊರದೇಶದಿಂದ ಒಳಬರಬಾರದೆಂಬ ಕಟ್ಟಳೆ ಮಾತ್ರ ಅದು. ಇಂಥ ಕಟ್ಟಳೆಗೆ ವಿನಾಯಿತಿಯೂ ಉಂಟು: 2022ರಲ್ಲಿ ಭೂತಾನದ 17,000 ಟನ್ ಹಸಿ ಅಡಿಕೆಗೆ ಈ ನಿಬಂಧನೆಯಿಲ್ಲದೆಯೇ ಅನುಮತಿ ದೊರೆತಿತ್ತು. ಅಧಿಸೂಚನೆಯನ್ನು ಕೊನೆಯ ಸಾಲಿನವರೆಗೆ ಓದಬೇಕೆನ್ನುವುದು ಇದಕ್ಕಾಗಿಯೇ.

ನಾಲ್ಕನೆಯದಾಗಿ ಕ್ಯಾಂಪ್ಕೊ ಸಂಸ್ಥೆಯ ಹೇಳಿಕೆಗಳು. 1973ರಲ್ಲಿ ಬೆಳೆಗಾರರೇ ಕಟ್ಟಿದ ಸಹಕಾರಿ ಸಂಸ್ಥೆಯಿದು. ಪುತ್ತೂರಿನ ಚಾಕಲೇಟು ಕಾರ್ಖಾನೆಯೂ ಅದರದೇ. ಬೆಳೆಗಾರನ ಪರ ವಾದಿಸುವುದು ಅದರ ಕರ್ತವ್ಯ. ಹಾಗೆಂದ ಮಾತ್ರಕ್ಕೆ ಅದು ಹೇಳಿದ್ದು ಸುಳ್ಳಾಗದು. ಧಾರಣೆಯ ವಿಷಯದಲ್ಲಿ ಅದರ ಲೆಕ್ಕವನ್ನು ನಂಬುತ್ತೇನೆ. ಬಾಯಿಯ ಹುಣ್ಣಿನ ವಿಷಯದಲ್ಲಿ ವೈದ್ಯರದನ್ನು.

ಉತ್ತರ ಬರೆಯುವ ಮೊದಲು ಪ್ರತಿಯೊಂದು ಆಕರದ ಪಕ್ಕದಲ್ಲಿ ಯಾರು, ಯಾವಾಗ, ಯಾರಿಗಾಗಿ ಎಂದು ಮೂರು ಪದ ಗುರುತಿಸಿಕೊಂಡರೆ ಸಾಕು. ಆಮೇಲೆ ಆಕರಗಳು ಎಲ್ಲಿ ಮೌನವಾಗಿವೆಯೆಂದು ನೋಡಬೇಕು. “ಅಡಿಕೆಯನ್ನು ನಿಷೇಧಿಸಬೇಕೆ?” ಎಂಬ ಪ್ರಶ್ನೆಯನ್ನು ನಾನೇ ಹಾಕಿಕೊಂಡು ಬರೆದೆ. ರೋಗದ ನಿರ್ಣಯವನ್ನು ಒಪ್ಪಿದೆ. ಮನೆಯಲ್ಲಿ ಅದನ್ನು ಓದಿ ಹೇಳುವುದು ಸುಲಭವಾಗಲಿಲ್ಲ. ಆದರೆ ಅಡಿಕೆ ಕಡಿದ ತೋಟದಲ್ಲಿ ಏನನ್ನು ನೆಡಬೇಕು? ಕೊಕ್ಕೋ ಇದೆಯಲ್ಲ ಎನ್ನಬಹುದು. ನಮ್ಮಲ್ಲಿ ಅದು ಅಡಿಕೆಯ ನೆರಳನ್ನೇ ನಂಬಿದ ಗಿಡ. ಈ ಪ್ರಶ್ನೆಗೆ ನಾಲ್ಕು ಆಕರಗಳಲ್ಲಿಯೂ ಉತ್ತರವಿಲ್ಲ. ಇಲ್ಲವೆಂದೇ ಬರೆದೆ.