ವ್ಯಾಪಾರ ಸಂಸ್ಥೆಯ ಗಣಕಯಂತ್ರ: ಆಪರೇಟಿಂಗ್ ಸಿಸ್ಟಮ್ ಬದಲಿಸಬೇಕೆ?

ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ 29ರಂದು ಬಿಡುಗಡೆ ಮಾಡಿದ ವಿಂಡೋಸ್ 10ರ ಸಾಮಾನ್ಯ ಆವೃತ್ತಿಗಳಿಗೆ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದ್ದ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡವು. ಆದರೂ ಅನೇಕ ಅಂಗಡಿ, ಗೋದಾಮು ಮತ್ತು ಸಣ್ಣ ಕಾರ್ಖಾನೆಗಳ ಲೆಕ್ಕದ ಕೋಣೆಯಲ್ಲಿ ಅದೇ ಯಂತ್ರ, ಅದೇ ವ್ಯವಸ್ಥೆ ಮುಂದುವರಿದಿದೆ. ಬೆಳಿಗ್ಗೆ ಗುಂಡಿ ಒತ್ತಿದರೆ ಯಂತ್ರ ಎಂದಿನಂತೆ ಚಾಲನೆಗೊಳ್ಳುತ್ತದೆ, ಬಿಲ್ಲು ಮುದ್ರಣವಾಗುತ್ತದೆ. ಹೀಗಿರುವಾಗ ಖರ್ಚು ಮಾಡುವುದೇಕೆ ಎಂಬ ವರ್ತಕರ ಪ್ರಶ್ನೆ ಸಹಜವಾದುದೇ. ಆದರೆ ಪರಿಷ್ಕರಣೆ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಇನ್ನು ಮುಂದೆ ಪತ್ತೆಯಾಗುವ ದೋಷಗಳನ್ನು ಸರಿಪಡಿಸುವವರು ಇಲ್ಲವೆಂದು ಅರ್ಥ. ಬೀಗದ ದೋಷ ಕಳ್ಳರಿಗೆಲ್ಲ ತಿಳಿದ ಮೇಲೂ ಅದೇ ಬೀಗ ಹಾಕಿ ಗೋದಾಮು ಮುಚ್ಚಿದಂತೆ.

ಈ ಅಪಾಯ ಕಾಲ್ಪನಿಕವಲ್ಲ. 2017ರ ಮೇ ತಿಂಗಳಿನಲ್ಲಿ 'ವಾನ್ನಾಕ್ರೈ' ಎಂಬ ಕುತಂತ್ರಾಂಶವು ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು. 2014ರ ಏಪ್ರಿಲ್ 8ಕ್ಕೆ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೆ ಮಾತ್ರ ಅದು ಸಾರ್ವಜನಿಕವಾಗಿ ದೊರೆತದ್ದು ದಾಳಿ ನಡೆದ ಮೇಲೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೆಚ್ಚಾಗಿ ಬಲಿಯಾದವು ಎಕ್ಸ್‌ಪಿ ಯಂತ್ರಗಳಲ್ಲ, ಆಗ ಬೆಂಬಲವಿದ್ದ ವಿಂಡೋಸ್ 7ರ ಯಂತ್ರಗಳು. ಅವುಗಳ ಒಡೆಯರು ಪರಿಷ್ಕರಣೆಯನ್ನು ಹಾಕಿಕೊಂಡಿರಲಿಲ್ಲ. ಹೊಸ ವ್ಯವಸ್ಥೆ ಕೊಂಡು, ಕೆಲಸದ ನಡುವೆ ಕಿರಿಕಿರಿಯಾಗುತ್ತದೆಂದು ಪರಿಷ್ಕರಣೆಯನ್ನು ನಿಲ್ಲಿಸಿಡುವ ಸಂಸ್ಥೆಗೆ ಕೊಂಡದ್ದರ ಫಲ ದೊರೆಯುವುದಿಲ್ಲ.

ಸರಕು ಮತ್ತು ಸೇವಾ ತೆರಿಗೆ ಬಂದ ನಂತರ ನಷ್ಟದ ಸ್ವರೂಪವೂ ಬದಲಾಗಿದೆ. ಹಿಂದೆ ಲೆಕ್ಕ ಕಳೆದುಹೋದರೆ ಅದು ಆ ವರ್ತಕನ ಕಷ್ಟವಷ್ಟೇ ಆಗಿತ್ತು. ಈಗ ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕನು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ, 14ರಂದು ಸಿದ್ಧವಾಗುವ ಖರೀದಿದಾರನ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ಲುಗಳು ಕಾಣುವುದಿಲ್ಲ. ಆತನಿಗೆ ಆ ತಿಂಗಳ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಖರೀದಿದಾರ ಪಾವತಿಯನ್ನು ತಡೆಹಿಡಿಯುತ್ತಾನೆ, ಮುಂದಿನ ಆರ್ಡರನ್ನು ಬೇರೆಡೆಗೆ ಕೊಡುತ್ತಾನೆ. ಐದು ಕೋಟಿ ರೂಪಾಯಿ ಮೀರಿದ ವಹಿವಾಟಿನ ಸಂಸ್ಥೆಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ, ಬಿಲ್ಲಿನ ಯಂತ್ರ ಕೆಟ್ಟ ದಿನ ಇತರ ವರ್ತಕರಿಗೆ ಮಾರಿದ ಸರಕಿನ ಲಾರಿಯೂ ಹೊರಡದು. ಯಂತ್ರದ ಬೆಲೆಯನ್ನು ಈ ನಷ್ಟದೊಡನೆ ತೂಗಿ ನೋಡಬೇಕೇ ಹೊರತು, ಯಂತ್ರ ಇನ್ನೂ ಓಡುತ್ತಿದೆಯೇ ಎಂಬುದರೊಡನೆ ಅಲ್ಲ.

ಯಾವ ಯಂತ್ರ, ಯಾವ ಕೆಲಸ?

ಸಂಸ್ಥೆಯ ಎಲ್ಲ ಗಣಕಯಂತ್ರಗಳಿಗೂ ಒಂದೇ ತೀರ್ಮಾನ ಅನ್ವಯಿಸುವುದಿಲ್ಲ. ಬ್ಯಾಂಕ್ ವ್ಯವಹಾರ, ತೆರಿಗೆ ಜಾಲತಾಣ, ಇ-ಮೇಲ್ ಮತ್ತು ಬಿಲ್ಲುಗಳು ನಡೆಯುವ ಯಂತ್ರಕ್ಕೆ ಬೆಂಬಲವಿರುವ ವ್ಯವಸ್ಥೆ ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಪೀಣ್ಯದ ಅಥವಾ ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ತೂಕದ ಸೇತುವೆಗೋ ಸಿಎನ್‌ಸಿ ಯಂತ್ರಕ್ಕೋ ಜೋಡಿಸಿದ ಹಳೆಯ ಗಣಕಯಂತ್ರದ ವಿಷಯ ಬೇರೆ. ಅದರ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯದೇ ಹೋಗಬಹುದು. ಯಂತ್ರ ತಯಾರಿಸಿದವರೇ ವ್ಯಾಪಾರ ಮುಚ್ಚಿರಬಹುದು. ಅಂಥದನ್ನು ಬದಲಿಸದೆ, ಅಂತರಜಾಲ ಮತ್ತು ಕಚೇರಿಯ ಜಾಲ ಎರಡರಿಂದಲೂ ಬಿಡಿಸಿ, ಅದಕ್ಕೆಂದೇ ಮೀಸಲಾದ ಒಂದು ಪೆನ್‌ಡ್ರೈವ್‌ನಿಂದ ಮಾತ್ರ ಮಾಹಿತಿ ಸಾಗಿಸುವುದು ಲೇಸು. ಕೆಲಸಗಾರರ ಮೊಬೈಲ್ ಚಾರ್ಜ್ ಮಾಡಲು ಅದರ ಯುಎಸ್‌ಬಿ ರಂಧ್ರವನ್ನು ಬಳಸುವ ಅಭ್ಯಾಸವನ್ನೂ ನಿಲ್ಲಿಸಬೇಕು.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ನಂತರದ್ದಾಗಿರಬೇಕು. ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಂತ್ರಾಂಶ ಇದನ್ನು ಪರೀಕ್ಷಿಸಿ ಹೇಳುತ್ತದೆ. ಟಿಪಿಎಂ ಇಲ್ಲವೆಂದು ಉತ್ತರ ಬಂದೊಡನೆ ಹೊಸ ಯಂತ್ರಕ್ಕೆ ಮುಂಗಡ ಕೊಡಬಾರದು. ಘಟಕವಿದ್ದೂ ಬಯಾಸ್‌ನಲ್ಲಿ ಅದನ್ನು ಚಾಲೂ ಮಾಡದಿರುವ ಸಂದರ್ಭಗಳು ಸಾಕಷ್ಟಿವೆ. ಅರ್ಹ ಯಂತ್ರದಲ್ಲಿ ಅಧಿಕೃತ ವಿಂಡೋಸ್ 10 ಇದ್ದರೆ 11ಕ್ಕೆ ಬದಲಾವಣೆ ಉಚಿತ. ಅನರ್ಹ ಯಂತ್ರದಲ್ಲಿ ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ತಂತ್ರಜ್ಞರೂ ಇದ್ದಾರೆ. ಅಂಥ ಯಂತ್ರಕ್ಕೆ ಪರಿಷ್ಕರಣೆಯ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ. ಯಾವುದಕ್ಕಾಗಿ ಬದಲಾವಣೆಯೋ ಅದೇ ಇಲ್ಲವಾದ ಮೇಲೆ ಈ ಉಪಾಯದಿಂದ ಲಾಭವೇನು?

ಯಂತ್ರ ಅನರ್ಹವಾದರೆ ಎರಡು ದಾರಿಗಳಿವೆ. ಮೊದಲನೆಯದು, ಸಂಸ್ಥೆಗಳಿಗೆಂದು ಮೈಕ್ರೋಸಾಫ್ಟ್ ಮಾರುವ ವಿಸ್ತೃತ ಭದ್ರತಾ ಪರಿಷ್ಕರಣೆ. ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್. ಪ್ರತಿ ವರ್ಷ ದರ ಇಮ್ಮಡಿ. ಗರಿಷ್ಠ ಮೂರು ವರ್ಷ, ಅಂದರೆ 2028ರ ಅಕ್ಟೋಬರ್‌ವರೆಗೆ. ಎರಡನೆಯ ವರ್ಷ ಸೇರುವವರು ಮೊದಲ ವರ್ಷದ ಹಣವನ್ನೂ ತೆರಬೇಕು. ಮೂರೂ ವರ್ಷಕ್ಕೆ ಒಟ್ಟು 427 ಡಾಲರ್ ಆಗುತ್ತದೆ, ಕೊನೆಗೆ ಕೈಯಲ್ಲಿ ಉಳಿಯುವುದು ಹಳೆಯ ಯಂತ್ರವೇ. ಹೊಸ ಯಂತ್ರವನ್ನು ಹೊಂದಿಸಿಕೊಳ್ಳಲು ಒಂದು ವರ್ಷದ ಕಾಲಾವಕಾಶ ಬೇಕೆನ್ನುವವರಿಗೆ ಮಾತ್ರ ಇದು ತಕ್ಕುದು.

ಎರಡನೆಯದು ಹೊಸ ಯಂತ್ರ. ಬೆಲೆ 40,000 ರೂಪಾಯಿ ಎಂದು ಭಾವಿಸಿದರೆ ಶೇ. 18ರ ಜಿಎಸ್‌ಟಿ 7,200 ರೂಪಾಯಿ ಸೇರಿ ಪಾವತಿ 47,200. ನೋಂದಾಯಿತ ವರ್ತಕನಿಗೆ 7,200 ಹೂಡುವಳಿ ತೆರಿಗೆಯಾಗಿ ಜಮೆಯಾಗುತ್ತದೆ. ಆ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. 2025-26ನೇ ಹಣಕಾಸು ವರ್ಷಕ್ಕೆ ಅನ್ವಯಿಸುವ ಶೇ. 40ರ ದರದಂತೆ ಮೊದಲ ವರ್ಷದ ಸವಕಳಿ 16,000 ರೂಪಾಯಿ. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. 'ಕೊಂಡರೆ ತೆರಿಗೆ ಉಳಿಯುತ್ತದೆ' ಎಂಬ ಮಾರಾಟಗಾರರ ಮಾತನ್ನು ಇಲ್ಲಿ ಪರಿಶೀಲಿಸಿ ಒಪ್ಪಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಪ್ರಕರಣದಂತೆ ಅಂದಾಜು ಲಾಭ ತೋರಿಸಿದ ಸಣ್ಣ ವರ್ತಕನಿಗೆ ಸವಕಳಿ ಪ್ರತ್ಯೇಕವಾಗಿ ಸಿಗುವುದಿಲ್ಲ. ಅದು ಆ ಲಾಭದಲ್ಲಿಯೇ ಕಳೆಯಲ್ಪಟ್ಟಿದೆ ಎಂದು ಕಾಯ್ದೆ ಪರಿಗಣಿಸುತ್ತದೆ.

ಹಳೆಯ ಸಲಕರಣೆ, ಹಳೆಯ ಕಡತ

ತೊಡಕುಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆದುದರಿಂದ ಡಾಸ್ ಕಾಲದಲ್ಲಿ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡು, 32 ಬಿಟ್ ವಿಂಡೋಸ್‌ನಲ್ಲಿ ಈವರೆಗೆ ಹೇಗೋ ನಡೆಸಿಕೊಂಡು ಬಂದ ಬಿಲ್ಲಿನ ತಂತ್ರಾಂಶ ಅದರಲ್ಲಿ ನೇರವಾಗಿ ತೆರೆಯುವುದಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲವಾದ ಹಳೆಯ ಕೇಬಲ್ಲಿಗೆ ಹೊಸ ಯಂತ್ರದಲ್ಲಿ ಜಾಗವಿರುವುದು ಅಪರೂಪ. ಡಿಜಿಟಲ್ ಸಹಿಯ ಟೋಕನ್ನಿಗೆ ಹೊಸ ಡ್ರೈವರ್ ಬೇಕಾಗಬಹುದು. ಟ್ಯಾಲಿ ಬಳಸುವವರು ಹಳೆಯ ಯಂತ್ರವನ್ನು ಅಳಿಸುವ ಮುನ್ನ ಪರವಾನಗಿಯನ್ನು ಅದರಿಂದ ಮರಳಿಸಬೇಕು. ಇಲ್ಲವಾದರೆ ಹೊಸದರಲ್ಲಿ ಅದನ್ನು ಚಾಲೂ ಮಾಡುವಾಗ ಅಡಚಣೆಯಾಗುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಬರೆದಿಟ್ಟ ಕನ್ನಡ ಪತ್ರ, ಕರಾರುಗಳು ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಕಚೇರಿಯಲ್ಲಿರುವಾಗಲೇ ಫಾಂಟುಗಳನ್ನು ನಕಲು ಮಾಡಿಟ್ಟುಕೊಳ್ಳಬೇಕು, ಮುಖ್ಯ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಬದಲಾವಣೆಗೆ ತಿಂಗಳಿನ 21ರ ನಂತರದ ದಿನಗಳೇ ಸರಿ. 7ರಂದು ಟಿಡಿಎಸ್, 11ರಂದು ಜಿಎಸ್‌ಟಿಆರ್-1, 20ರಂದು ಜಿಎಸ್‌ಟಿಆರ್-3ಬಿ ಇರುವಾಗ ಲೆಕ್ಕದ ಯಂತ್ರವನ್ನು ಬಿಚ್ಚುವುದು ದುಡುಕು. ಮಾರ್ಚ್ ತಿಂಗಳಂತೂ ಬೇಡವೇ ಬೇಡ. ಮೊದಲು ದತ್ತಾಂಶದ ಎರಡು ಪ್ರತಿಗಳನ್ನು ತೆಗೆದು, ಒಂದನ್ನು ಕಚೇರಿಯ ಹೊರಗೆ ಇಡಬೇಕು. ಪ್ರತಿ ತೆಗೆದರೆ ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ಮತ್ತು ಬ್ಯಾಂಕ್ ಶಿಲ್ಕು ತಾಳೆಯಾಗುತ್ತದೆಯೇ ಎಂದು ಗುಮಾಸ್ತನಿಂದಲೇ ನೋಡಿಸಬೇಕು. ತಂತ್ರಜ್ಞನಿಗೆ ಕಡತ ತೆರೆಯಿತೆಂಬುದು ತಿಳಿಯುತ್ತದೆ, ಲೆಕ್ಕ ಸರಿಯಿದೆಯೆಂಬುದು ತಿಳಿಯುವುದಿಲ್ಲ. ವಿಂಡೋಸ್ 10ರ ಮೇಲೆಯೇ 11ನ್ನು ಹಾಕಿದವರಿಗೆ ಹಿಂದಿರುಗುವ ಅವಕಾಶ ಸಾಮಾನ್ಯವಾಗಿ ಹತ್ತು ದಿನ ಮಾತ್ರ. ಆ ಹತ್ತು ದಿನಗಳೊಳಗೆ ಒಂದು ಇ-ವೇ ಬಿಲ್, ಒಂದು ಬ್ಯಾಂಕ್ ಪಾವತಿ, ಒಂದು ಡಿಜಿಟಲ್ ಸಹಿ ಮತ್ತು ಪ್ರಿಂಟರಿನ ಒಂದು ಉದ್ದನೆಯ ಪಟ್ಟಿ, ಇಷ್ಟನ್ನಾದರೂ ನಡೆಸಿ ನೋಡತಕ್ಕದ್ದು.

ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಅವಸರವೂ ಸಲ್ಲದು. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗೆ ಕಂಪನಿ ಕಾಯ್ದೆಯಂತೆ ಈ ಅವಧಿ ಎಂಟು ಹಣಕಾಸು ವರ್ಷಗಳು. ಹಿಂದಿನ ವರ್ಷಗಳ ಲೆಕ್ಕ ಹಳೆಯ ತಂತ್ರಾಂಶದಲ್ಲಿ ಮಾತ್ರ ತೆರೆಯುವುದಾದರೆ, ಆ ಯಂತ್ರವನ್ನು ಜಾಲದಿಂದ ಬಿಡಿಸಿ, ವರ್ಷದ ಹೆಸರು ಬರೆದ ಚೀಟಿ ಅಂಟಿಸಿ, ಕಡತದ ಬೀರುವಿನ ಪಕ್ಕದಲ್ಲಿಯೇ ಇರಿಸುವುದು ಒಳಿತು. ಇಲಾಖೆಯ ನೋಟಿಸು ಬಂದ ದಿನ ಕೇಳುವುದು 2020ರ ಬಿಲ್ಲನ್ನಾಗಿರಬಹುದು.